ಕಟ್ಟೆಯ ಮೇಲೆ ಆರೋಪಿ, ಆ್ಯಪ್‌ನಲ್ಲಿ ಸಂತ್ರಸ್ತ: ಜೂಜು ಯಾವಾಗ ಅಪರಾಧವಾಗುತ್ತದೆ?

2025ರ ಆಗಸ್ಟ್ 20ರಂದು ಲೋಕಸಭೆಯ, ಮರುದಿನ ರಾಜ್ಯಸಭೆಯ ಒಪ್ಪಿಗೆ ಪಡೆದ ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಮಸೂದೆಗೆ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಅದರ ಬೆನ್ನಲ್ಲೇ ಡ್ರೀಮ್ 11, ಬೆಂಗಳೂರಿನ ಎಂಪಿಎಲ್ ಮೊದಲಾದ ಕಂಪನಿಗಳು ಹಣ ಕಟ್ಟಿ ಆಡುವ ಆಟಗಳನ್ನು ನಿಲ್ಲಿಸಿದವು. ಭಾರತ ಕ್ರಿಕೆಟ್ ತಂಡದ ಅಂಗಿಯ ಮೇಲಿದ್ದ ಡ್ರೀಮ್ 11 ಹೆಸರೂ ಮರೆಯಾಯಿತು. ಅದೇ ತಿಂಗಳ ಮೊದಲ ವಾರದವರೆಗೆ ತಾರೆಯರಿಂದ ಜಾಹೀರಾತು ಮಾಡಿಸುತ್ತಿದ್ದ, ಜಿಎಸ್‌ಟಿ ಕಟ್ಟುತ್ತಿದ್ದ, ಹೈಕೋರ್ಟುಗಳಲ್ಲಿ ವ್ಯಾಪಾರ ಸ್ವಾತಂತ್ರ್ಯದ ರಕ್ಷಣೆ ಪಡೆದಿದ್ದ ಉದ್ಯಮವೊಂದು ಹೀಗೆ ಜೈಲು ಶಿಕ್ಷೆಯ ವ್ಯಾಪ್ತಿಗೆ ಬಂತು.

ಇದನ್ನು ಓದಿದವರಿಗೆ ಸಹಜವಾಗಿಯೇ ಕೆಲವು ಪ್ರಶ್ನೆಗಳು ಎದ್ದಿವೆ. ಮೊಬೈಲಿನಲ್ಲಿ ರಮ್ಮಿ ಆಡಿಸುವುದು ಅಪರಾಧವಾದರೆ ಕ್ಲಬ್ಬಿನಲ್ಲಿ ಆಡುವ ರಮ್ಮಿ ಏಕೆ ಅಪರಾಧವಲ್ಲ? ಬೆಂಗಳೂರು, ಮೈಸೂರುಗಳಲ್ಲಿ ಕುದುರೆಯ ಬಾಲಕ್ಕೆ ಹಣ ಕಟ್ಟುವುದು ಹೇಗೆ ಸಾಧ್ಯ? ಪಣಜಿಯ ಮಾಂಡೋವಿ ನದಿಯ ಕ್ಯಾಸಿನೊ ಹಡಗುಗಳಿಗೆ ಹುಬ್ಬಳ್ಳಿ–ಬೆಳಗಾವಿಯಿಂದ ಕಾರು ಮಾಡಿಕೊಂಡು ಹೋಗಿ ಬರುವವರು ತಲೆಯೆತ್ತಿ ನಡೆಯಬಹುದಾದರೆ, ಹಳ್ಳಿಯ ಅರಳಿಕಟ್ಟೆಯ ಬಳಿ ಅಂದರ್–ಬಾಹರ್ ಆಡಿದವರನ್ನು ಠಾಣೆಗೆ ಕರೆದೊಯ್ಯುವುದು ಯಾವ ನ್ಯಾಯ? ಉತ್ತರ ಸಿಗಬೇಕಾದರೆ ಜೂಜು ಕೆಟ್ಟದ್ದೋ ಅಲ್ಲವೋ ಎಂಬ ಚರ್ಚೆಯನ್ನು ಪಕ್ಕಕ್ಕಿಟ್ಟು, ಒಂದು ಕೃತ್ಯವನ್ನು ಕಾನೂನು ಯಾವ ಹಂತದಲ್ಲಿ ಅಪರಾಧವೆಂದು ಕರೆಯುತ್ತದೆ ಎಂಬುದನ್ನು ನೋಡಬೇಕಾಗುತ್ತದೆ.

ಹೊಸ ಕಾಯ್ದೆ ಹೇಳುವುದೇನು

ಕಾಯ್ದೆಯ ಕೇಂದ್ರದಲ್ಲಿರುವುದು ‘ಆನ್‌ಲೈನ್ ಹಣದ ಆಟ’ ಎಂಬ ವ್ಯಾಖ್ಯಾನ. ಶುಲ್ಕ, ಠೇವಣಿ ಅಥವಾ ಬೇರಾವುದೇ ರೂಪದ ಪಣವನ್ನು ಕಟ್ಟಿ, ಪ್ರತಿಯಾಗಿ ಹಣ ಅಥವಾ ಇತರ ಲಾಭ ಗೆಲ್ಲುವ ನಿರೀಕ್ಷೆಯಿಂದ ಆಡುವ ಆನ್‌ಲೈನ್ ಆಟವೆಲ್ಲ ಇದರೊಳಗೆ ಬರುತ್ತದೆ. ಆಟ ಕೌಶಲದ್ದಾಗಿರಲಿ, ಅದೃಷ್ಟದ್ದಾಗಿರಲಿ, ಎರಡೂ ಬೆರೆತದ್ದಾಗಿರಲಿ, ಕಾನೂನಿಗೆ ವ್ಯತ್ಯಾಸವಿಲ್ಲ. ಇ–ಸ್ಪೋರ್ಟ್ಸ್ ಮತ್ತು ಪಣವಿಲ್ಲದ ಸಾಮಾಜಿಕ ಆಟಗಳಿಗೆ ಮಾತ್ರ ಮಾನ್ಯತೆ ಇದೆ.

ಹಣದ ಆಟ ಒದಗಿಸುವವರಿಗೆ 3 ವರ್ಷದವರೆಗೆ ಜೈಲು ಹಾಗೂ 1 ಕೋಟಿ ರೂಪಾಯಿವರೆಗೆ ದಂಡ ವಿಧಿಸಬಹುದು. ಜಾಹೀರಾತು ನೀಡುವವರಿಗೆ 2 ವರ್ಷ ಮತ್ತು 50 ಲಕ್ಷ, ಹಣದ ವಹಿವಾಟಿಗೆ ಅನುವು ಮಾಡಿಕೊಡುವ ಸಂಸ್ಥೆಗಳಿಗೆ ಮತ್ತೆ 3 ವರ್ಷ ಮತ್ತು 1 ಕೋಟಿ. ಒದಗಿಸುವ ಮತ್ತು ವಹಿವಾಟು ನಡೆಸುವ ಅಪರಾಧಗಳು ಸಂಜ್ಞೇಯ ಮತ್ತು ಜಾಮೀನುರಹಿತ. ಎಂದರೆ ವಾರಂಟ್ ಇಲ್ಲದೆ ಬಂಧಿಸಬಹುದು, ಜಾಮೀನು ಹಕ್ಕಾಗಿ ಸಿಗುವುದಿಲ್ಲ. ಇಷ್ಟು ಕಠಿಣವಾದ ಕಾಯ್ದೆಯಲ್ಲಿ ಆಟ ಆಡಿದವನಿಗೆ ಮಾತ್ರ ಯಾವ ಶಿಕ್ಷೆಯೂ ಇಲ್ಲ. ಅವನನ್ನು ಸರ್ಕಾರ ಸಂತ್ರಸ್ತನೆಂದು ಕರೆದಿದೆ. ಈ ಒಂದು ಅಂಶದ ಬಗ್ಗೆ ಚರ್ಚೆ ಬಹಳ ಕಡಿಮೆ ನಡೆದಿದೆ, ಆದರೆ ಕಾಯ್ದೆಯಲ್ಲಿ ನಿಜಕ್ಕೂ ಹೊಸದು ಅದೇ.

ತಪ್ಪಿನಿಂದ ಅಪರಾಧದವರೆಗೆ

ಕೊಲೆ, ಕಳವು, ಹಲ್ಲೆಗಳಂತಹ ಕೃತ್ಯಗಳನ್ನು ಯಾವುದೇ ಕಾಯ್ದೆ ಬರೆಯುವ ಮೊದಲೇ ಜನ ತಪ್ಪೆಂದು ತಿಳಿದಿದ್ದರು. ಕಾನೂನು ಅದಕ್ಕೊಂದು ಕಲಂ ಸಂಖ್ಯೆ ಕೊಟ್ಟಿತು. ಇನ್ನು ಕೆಲವು ಕೃತ್ಯಗಳು ತಪ್ಪಾಗುವುದು ನಿಷೇಧಿಸಿದ ಮೇಲೆಯೇ: ಪರವಾನಗಿಯಿಲ್ಲದೆ ಮದ್ಯ ಮಾರುವುದು ಇಂಥದ್ದು, ಪರವಾನಗಿ ಇದ್ದರೆ ಅದೇ ಮಾರಾಟ ವ್ಯಾಪಾರ. ಜೂಜು ಈ ಎರಡು ವರ್ಗಗಳ ನಡುವೆ ಸದಾ ಓಲಾಡುತ್ತ ಬಂದಿದೆ.

ಪ್ರಾಚೀನ ಗ್ರಂಥಗಳಲ್ಲಿಯೇ ಈ ಓಲಾಟ ಕಾಣುತ್ತದೆ. ದ್ಯೂತವನ್ನು ರಾಜ್ಯದಿಂದ ಹೊರಹಾಕಬೇಕೆಂದು ಮನುಸ್ಮೃತಿ ರಾಜನಿಗೆ ಹೇಳುತ್ತದೆ. ಅರ್ಥಶಾಸ್ತ್ರವಾದರೋ ದ್ಯೂತಾಧ್ಯಕ್ಷನೆಂಬ ಅಧಿಕಾರಿಯನ್ನು ನೇಮಿಸಿ, ಗೊತ್ತುಮಾಡಿದ ಜಾಗದಲ್ಲಿಯೇ ಆಡಿಸಿ, ಗೆದ್ದ ಹಣದಲ್ಲಿ ನೂರಕ್ಕೆ ಐದರಷ್ಟನ್ನು ರಾಜ್ಯದ ಬೊಕ್ಕಸಕ್ಕೆ ಸೇರಿಸುವ ವ್ಯವಸ್ಥೆ ಮಾಡುತ್ತದೆ. ಅಲ್ಲಿ ಶಿಕ್ಷೆ ಇರುವುದು ಬೇರೆಡೆ ಆಡಿದವನಿಗೆ ಮತ್ತು ದಾಳದಲ್ಲಿ ಮೋಸ ಮಾಡಿದವನಿಗೆ. ನಿಷೇಧ ಮತ್ತು ನಿಯಂತ್ರಣದ ನಡುವಿನ ಇಂದಿನ ವಾಗ್ವಾದದಲ್ಲಿ ಈ ಎರಡು ನಿಲುವುಗಳಿಗಿಂತ ಹೊಸದು ಹೆಚ್ಚೇನಿಲ್ಲ.

ಬ್ರಿಟಿಷರ ಕಾಲದ ಕಾನೂನು ಮಧ್ಯದಲ್ಲಿ ಇನ್ನೊಂದು ಮೆಟ್ಟಿಲನ್ನು ಸೇರಿಸಿತು. 1872ರ ಕರಾರು ಕಾಯ್ದೆಯ 30ನೇ ಕಲಮಿನ ಪ್ರಕಾರ ಬಾಜಿಯ ಒಪ್ಪಂದ ಅಸಿಂಧು. ಗೆದ್ದವನು ಸೋತವನ ಮೇಲೆ ಹಣಕ್ಕಾಗಿ ದಾವೆ ಹೂಡುವಂತಿಲ್ಲ. ಆದರೆ ಅಸಿಂಧುವಾದದ್ದೆಲ್ಲ ಕಾನೂನುಬಾಹಿರವಲ್ಲ ಎಂದು ಘೇರುಲಾಲ್ ಪಾರಖ್ ಪ್ರಕರಣದಲ್ಲಿ 1959ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಗೆಳೆಯರಿಬ್ಬರು ಚುನಾವಣಾ ಫಲಿತಾಂಶದ ಮೇಲೆ ಊಟದ ಬಾಜಿ ಕಟ್ಟಿದರೆ ಕಾನೂನು ಅದಕ್ಕೆ ಬೆನ್ನು ತಿರುಗಿಸುತ್ತದೆ, ಅಷ್ಟೆ. ಅದೇ ಬಾಜಿಯನ್ನು ಒಬ್ಬಾತ ವ್ಯವಹಾರವಾಗಿ ನಡೆಸಲು ಕುಳಿತಾಗ ಪೊಲೀಸರ ಪ್ರವೇಶವಾಗುತ್ತದೆ. ಸಮಾಜ ಒಪ್ಪದಿರುವುದು, ನ್ಯಾಯಾಲಯ ಜಾರಿ ಮಾಡದಿರುವುದು, ರಾಜ್ಯ ಶಿಕ್ಷಿಸುವುದು – ಇವು ಮೂರು ಬೇರೆ ಬೇರೆ ಹಂತಗಳೆಂಬುದನ್ನು ಮರೆತಾಗಲೇ ಹೆಚ್ಚಿನ ಗೊಂದಲ ಹುಟ್ಟುತ್ತದೆ.

ಕುದುರೆಗೆ ಸಿಕ್ಕ ವಿನಾಯಿತಿ

ಕರಾರು ಕಾಯ್ದೆಯ ಅದೇ 30ನೇ ಕಲಮಿನಲ್ಲಿ ಒಂದು ವಿನಾಯಿತಿ ಇದೆ. ಕುದುರೆ ಓಟದ ವಿಜೇತರಿಗೆ 500 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಬಹುಮಾನ ಕೊಡಲು ಮಾಡಿಕೊಂಡ ಚಂದಾ ಒಪ್ಪಂದ ಅಸಿಂಧುವಾಗುವುದಿಲ್ಲ. 1872ರಲ್ಲಿ 500 ರೂಪಾಯಿ ಯಾರ ಬಳಿ ಇತ್ತು, ಕುದುರೆ ಓಡಿಸುವವರು ಯಾರು ಎಂದು ಯೋಚಿಸಿದರೆ ಈ ವಿನಾಯಿತಿ ಯಾರಿಗಾಗಿ ಎಂಬುದು ತಿಳಿಯುತ್ತದೆ. ಕಾನೂನು ಬರೆಯುವವರ ಮನರಂಜನೆ ಕಾನೂನಿನ ಹೊರಗೆ ಉಳಿಯುವುದು ಹೊಸತೇನಲ್ಲ.

1963ರ ಕರ್ನಾಟಕ ಪೊಲೀಸ್ ಕಾಯ್ದೆ, ಅಂದಿನ ಹೆಸರಿನಲ್ಲಿ ಮೈಸೂರು ಪೊಲೀಸ್ ಕಾಯ್ದೆ, ಇದೇ ದಾರಿಯಲ್ಲಿ ಸಾಗಿತು. ಜೂಜಿನ ವ್ಯಾಖ್ಯಾನದೊಳಗೆ ಬಾಜಿ ಕಟ್ಟುವುದನ್ನು ಸೇರಿಸಿದ ಕಾಯ್ದೆ, ನಿಗದಿತ ಷರತ್ತುಗಳಿಗೆ ಒಳಪಟ್ಟು ರೇಸ್ ಕೋರ್ಸಿನ ಆವರಣದಲ್ಲಿ ನಡೆಯುವ ಕುದುರೆ ಬಾಜಿಯನ್ನು ಮಾತ್ರ ಹೊರಗಿಟ್ಟಿತು. ಓಟ ಒಂದೇ, ಕುದುರೆ ಒಂದೇ. ಟರ್ಫ್ ಕ್ಲಬ್ಬಿನ ಗೇಟಿನ ಒಳಗೆ ಪರವಾನಗಿ ಪಡೆದ ಬುಕ್ಕಿಯ ಬಳಿ ಕಟ್ಟಿದ ಹಣಕ್ಕೆ ರಸೀದಿ, ಗೇಟಿನ ಹೊರಗೆ ಟೀ ಅಂಗಡಿಯ ಬಳಿ ಇನ್ನೊಬ್ಬನ ಕೈಗೆ ಕೊಟ್ಟ ಹಣಕ್ಕೆ ಎಫ್‌ಐಆರ್. ರಾಜ್ಯ ಸರ್ಕಾರ 2021ರಲ್ಲಿ ಈ ಕಾಯ್ದೆಗೆ ತಿದ್ದುಪಡಿ ತಂದು ಆನ್‌ಲೈನ್ ಆಟಗಳನ್ನೆಲ್ಲ ಜೂಜಿನೊಳಗೆ ಸೇರಿಸಿದಾಗಲೂ ಕುದುರೆಯ ವಿನಾಯಿತಿಯನ್ನು ಮುಟ್ಟಲಿಲ್ಲ.

ಇಲ್ಲಿ ಹಾನಿಯ ಪ್ರಮಾಣ ಮಾನದಂಡವಾಗಿರಲಿಲ್ಲ ಎಂಬುದು ಸ್ಪಷ್ಟ. ರೇಸಿನಲ್ಲಿ ಮನೆ ಮಾರಿಕೊಂಡವರ ಕಥೆಗಳು ಬೆಂಗಳೂರಿಗೆ ಅಪರಿಚಿತವಲ್ಲ. ಆಟವನ್ನು ಯಾರು ನಡೆಸುತ್ತಾರೆ, ಎಲ್ಲಿ ನಡೆಸುತ್ತಾರೆ, ಯಾರ ಪರವಾನಗಿಯಿಂದ ನಡೆಸುತ್ತಾರೆ ಎಂಬ ಪ್ರಶ್ನೆಗಳೇ ಅಪರಾಧದ ಗೆರೆಯನ್ನು ಎಳೆದಿವೆ.

ಕೌಶಲ ಮತ್ತು ಅದೃಷ್ಟ: ನ್ಯಾಯಾಲಯ ಎಳೆದ ಗೆರೆ

ಸಂವಿಧಾನ ಬಂದ ಮೇಲೆ ಪ್ರಶ್ನೆಯ ರೂಪ ಬದಲಾಯಿತು. 19(1)(ಜಿ) ವಿಧಿಯಡಿ ಯಾವುದೇ ವ್ಯಾಪಾರ ಮಾಡುವ ಹಕ್ಕು ನಾಗರಿಕರಿಗಿದೆ. ಹಾಗಾದರೆ ಜೂಜು ನಡೆಸುವುದು ವ್ಯಾಪಾರವೇ? ಇದಕ್ಕೆ ಉತ್ತರ ಕೊಟ್ಟ 1957ರ ಚಮರ್‌ಬಾಗ್‌ವಾಲಾ ಪ್ರಕರಣಕ್ಕೆ ಬೆಂಗಳೂರಿನ ನಂಟಿದೆ. ಬೆಂಗಳೂರಿನಿಂದ ಪ್ರಕಟವಾಗುತ್ತಿದ್ದ ‘ಸ್ಪೋರ್ಟಿಂಗ್ ಸ್ಟಾರ್’ ಎಂಬ ಪತ್ರಿಕೆಯ ಮೂಲಕ ಕಂಪನಿಯೊಂದು ಪದಬಂಧ ಸ್ಪರ್ಧೆ ನಡೆಸುತ್ತಿತ್ತು. ಪತ್ರಿಕೆ ಮುಂಬೈ ಪ್ರಾಂತ್ಯದಲ್ಲೂ ಓಡಾಡುತ್ತಿತ್ತು, ಅಲ್ಲಿನ ಓದುಗರು ಪ್ರವೇಶ ಶುಲ್ಕ ಕಟ್ಟಿ ಭಾಗವಹಿಸುತ್ತಿದ್ದರು, ಮುಂಬೈ ಸರ್ಕಾರ ಅದರ ಮೇಲೆ ತೆರಿಗೆ ಹಾಕಿತು. ಹೊರರಾಜ್ಯದ ಕಂಪನಿಯ ಮೇಲೆ ತೆರಿಗೆ ಹೇಗೆ ಎಂಬ ಆಕ್ಷೇಪವನ್ನು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಜನರು ಹಣ ಕಟ್ಟುವುದು, ಸ್ಪರ್ಧೆಯಲ್ಲಿ ಸೇರುವುದು ಮುಂಬೈ ರಾಜ್ಯದಲ್ಲಿಯೇ ಆದ್ದರಿಂದ ಆ ನಂಟು ಸಾಕು ಎಂದಿತು. ಗಡಿ ದಾಟುವ ಆಟವನ್ನು ರಾಜ್ಯವೊಂದು ನಿಯಂತ್ರಿಸಬಹುದೇ ಎಂಬ ಪ್ರಶ್ನೆ ಇಂಟರ್‌ನೆಟ್‌ನೊಂದಿಗೆ ಹುಟ್ಟಿತೆಂದು ತಿಳಿದವರು ಈ ತೀರ್ಪನ್ನು ಗಮನಿಸಬೇಕು.

ಅದೇ ತೀರ್ಪಿನಲ್ಲಿ ಮುಖ್ಯ ನ್ಯಾಯಮೂರ್ತಿ ಎಸ್.ಆರ್. ದಾಸ್ ಅವರು ಋಗ್ವೇದ, ಮಹಾಭಾರತಗಳವರೆಗೆ ಹೋಗಿ, ಜೂಜು ಎಂದಿಗೂ ಸಂವಿಧಾನ ರಕ್ಷಿಸುವ ವ್ಯಾಪಾರವಲ್ಲ ಎಂದು ತೀರ್ಮಾನಿಸಿದರು. ಸಮಾಜದ ನೈತಿಕ ನೆನಪನ್ನು ಕಾನೂನಿನ ವ್ಯಾಖ್ಯಾನಕ್ಕೆ ಆಧಾರವಾಗಿಸಿದ ಅಪರೂಪದ ಸಂದರ್ಭವಿದು. ಆದರೆ ಅದೇ ವರ್ಷದ ಇನ್ನೊಂದು ತೀರ್ಪಿನಲ್ಲಿ ನ್ಯಾಯಾಲಯ ಒಂದು ಬಾಗಿಲನ್ನೂ ತೆರೆದಿಟ್ಟಿತು: ಗಣನೀಯ ಪ್ರಮಾಣದಲ್ಲಿ ಕೌಶಲ ಬೇಡುವ ಸ್ಪರ್ಧೆ ಜೂಜಲ್ಲ.

ಆ ಬಾಗಿಲಿನಿಂದ ಮೊದಲು ಒಳಬಂದದ್ದು ರಮ್ಮಿ. ಸಿಕಂದರಾಬಾದಿನ ಕ್ಲಬ್ಬೊಂದರ ಪ್ರಕರಣದಲ್ಲಿ 1968ರಲ್ಲಿ ಸುಪ್ರೀಂ ಕೋರ್ಟ್, ಬಿದ್ದ ಎಲೆಗಳನ್ನು ನೆನಪಿಟ್ಟುಕೊಳ್ಳುವುದು, ಯಾವುದನ್ನು ಹಿಡಿಯಬೇಕು ಯಾವುದನ್ನು ಬಿಡಬೇಕು ಎಂದು ನಿರ್ಧರಿಸುವುದು ಕೌಶಲ ಎಂದಿತು. ಮೂರೆಲೆಯ ಆಟವನ್ನು ಕೇವಲ ಅದೃಷ್ಟದ ಆಟವೆಂದು ಬೇರ್ಪಡಿಸಿತು. 1996ರಲ್ಲಿ ಮದ್ರಾಸ್ ರೇಸ್ ಕ್ಲಬ್ಬಿನ ಪ್ರಕರಣದಲ್ಲಿ ಕುದುರೆ ಓಟವೂ ಕೌಶಲದ ಸಾಲಿಗೆ ಸೇರಿತು. ಕರ್ನಾಟಕ ಪೊಲೀಸ್ ಕಾಯ್ದೆಯ 176ನೇ ಕಲಂ ಕೂಡ ಕೇವಲ ಕೌಶಲದ ಆಟಗಳನ್ನು ಜೂಜಿನ ಕಲಮುಗಳಿಂದ ಹೊರಗಿಡುತ್ತದೆ.

ಆದರೆ 1968ರ ತೀರ್ಪಿನಲ್ಲಿಯೇ ಇನ್ನೊಂದು ಮಾತಿತ್ತು, ಅದನ್ನು ಆ್ಯಪ್ ಕಂಪನಿಗಳು ಹೆಚ್ಚು ಉಲ್ಲೇಖಿಸಲಿಲ್ಲ. ಆಟದಿಂದ ಮನೆಯ ಒಡೆಯನೇ ಲಾಭ ಮಾಡಿಕೊಳ್ಳುತ್ತಿದ್ದಾನೆಂಬ ಸಾಕ್ಷ್ಯವಿದ್ದರೆ ರಮ್ಮಿಯಲ್ಲಿಯೂ ಅಪರಾಧ ಸಾಬೀತಾಗಬಹುದು ಎಂಬ ಮಾತು ಅದು. ಎಲೆ ಮತ್ತು ಕುರ್ಚಿಗೆ ಪುಡಿಗಾಸು ಶುಲ್ಕ ಪಡೆಯುವ ಕ್ಲಬ್ಬಿಗೂ, ಪ್ರತಿ ಆಟದ ಪಣದಿಂದ ಶೇಕಡಾವಾರು ಕಡಿದುಕೊಳ್ಳುವ ಆ್ಯಪ್‌ಗೂ ಇರುವ ವ್ಯತ್ಯಾಸ ಅಲ್ಲಿಯೇ ಅಡಗಿತ್ತು. ಹೀಗಿದ್ದೂ 2021ರ ಆಗಸ್ಟಿನಲ್ಲಿ ಮದ್ರಾಸ್ ಹೈಕೋರ್ಟ್, 2022ರ ಫೆಬ್ರವರಿ 14ರಂದು ಕರ್ನಾಟಕ ಹೈಕೋರ್ಟ್ ತಮ್ಮ ತಮ್ಮ ರಾಜ್ಯಗಳ ನಿಷೇಧಗಳನ್ನು ತಳ್ಳಿಹಾಕಿದವು. ಕೌಶಲದ ಆಟವನ್ನೂ ಅದೃಷ್ಟದ ಆಟವನ್ನೂ ಒಂದೇ ಹಗ್ಗದಲ್ಲಿ ಕಟ್ಟಿದ್ದು ಮನಸೋಇಚ್ಛೆಯ ಕ್ರಮವೆಂಬುದು ಕರ್ನಾಟಕ ಹೈಕೋರ್ಟಿನ ಮುಖ್ಯ ಆಕ್ಷೇಪವಾಗಿತ್ತು. ಸಂವಿಧಾನಕ್ಕೆ ಅನುಗುಣವಾದ ಹೊಸ ಕಾನೂನು ತರಲು ಅಡ್ಡಿಯಿಲ್ಲವೆಂದೂ ಅದು ಹೇಳಿತು. ಸಂಸತ್ತು 2025ರಲ್ಲಿ ಒರೆಸಿದ್ದು ಇದೇ ಗೆರೆಯನ್ನು, ಅದೂ ಆನ್‌ಲೈನ್‌ಗೆ ಮಾತ್ರ.

ಸಮಾಜದ ಲೆಕ್ಕವೇ ಬೇರೆ

ಸಮಾಜ ಈ ಗೆರೆಯನ್ನು ಎಂದೂ ಹೀಗೆ ಎಳೆದಿಲ್ಲ. ದೀಪಾವಳಿಯ ಬಲಿಪಾಡ್ಯಮಿಗೆ ದ್ಯೂತ ಪ್ರತಿಪದ ಎಂಬ ಹೆಸರೂ ಇದೆ. ಆ ದಿನ ಮನೆಮಂದಿಯೆಲ್ಲ ಕುಳಿತು ಇಸ್ಪೀಟು ಆಡಿದರೆ ಹಿರಿಯರು ಗದರುವುದಿಲ್ಲ. ಕರಾವಳಿಯಲ್ಲಿ ಜಾತ್ರೆ, ನೇಮಗಳ ಜೊತೆ ಬಂದ ಕೋಳಿ ಅಂಕದ ಬಗ್ಗೆ ಊರಿನವರು ಸಂಪ್ರದಾಯವೆನ್ನುತ್ತಾರೆ. ಪೊಲೀಸರು ಜೂಜು ಹಾಗೂ ಪ್ರಾಣಿಹಿಂಸೆ ಎರಡೂ ಕಾಯ್ದೆಗಳನ್ನು ಹಿಡಿದು ಬರುತ್ತಾರೆ. ಊರಿನ ಕಣ್ಣಿನಲ್ಲಿ ಜೂಜುಕೋರನೆಂದರೆ ಆಡುವವನಲ್ಲ, ಆಡಿ ಮನೆ ಹಾಳುಮಾಡಿಕೊಂಡವನು.

ಲಾಟರಿಯ ಉದಾಹರಣೆ ಇನ್ನೂ ಮೊನಚಾಗಿದೆ. ಕುಟುಂಬಗಳು ಬೀದಿಗೆ ಬರುತ್ತಿವೆ ಎಂಬ ಕೂಗಿನ ನಂತರ ಕರ್ನಾಟಕ 2007ರಲ್ಲಿ ಲಾಟರಿಯನ್ನು ನಿಷೇಧಿಸಿತು. ಪಕ್ಕದ ಕೇರಳದಲ್ಲಿ ಸರ್ಕಾರವೇ ಲಾಟರಿ ನಡೆಸುತ್ತದೆ. 1998ರ ಕೇಂದ್ರ ಲಾಟರಿ ಕಾಯ್ದೆ ಈ ಎರಡೂ ನಿಲುವುಗಳಿಗೆ ಜಾಗ ಕೊಟ್ಟಿದೆ: ರಾಜ್ಯವೊಂದು ತಾನೇ ಲಾಟರಿ ನಡೆಸಬಹುದು, ಇನ್ನೊಂದು ರಾಜ್ಯ ತನ್ನ ಗಡಿಯೊಳಗೆ ಅದರ ಮಾರಾಟ ತಡೆಯಬಹುದು. 2024ರ ಓಣಂ ಬಂಪರ್‌ನ 25 ಕೋಟಿ ರೂಪಾಯಿ ಬಹುಮಾನ ವಯನಾಡಿನಲ್ಲಿ ಟಿಕೆಟ್ ಕೊಂಡ ಕನ್ನಡಿಗರೊಬ್ಬರ ಪಾಲಾದಾಗ ಇಲ್ಲಿನ ಮಾಧ್ಯಮಗಳು ಅವರನ್ನು ಅದೃಷ್ಟವಂತರೆಂದು ಸಂಭ್ರಮಿಸಿದವು. ಸಂಭ್ರಮಿಸಿದ್ದು ತಪ್ಪಲ್ಲ, ಅವರು ಯಾವ ಕಾನೂನನ್ನೂ ಮುರಿದಿರಲಿಲ್ಲ. ಆದರೆ ಹದಿನೇಳು ವರ್ಷಗಳ ಹಿಂದೆ ಸಾಮಾಜಿಕ ಪಿಡುಗೆಂದು ನಿಷೇಧಿಸಿದ ವಸ್ತುವಿನ ಬಗ್ಗೆ ಸಮಾಜದ ಮನಸ್ಸು ಎಷ್ಟು ಬೇಗ ಸಡಿಲಗೊಳ್ಳುತ್ತದೆ ಎಂಬುದು ಅದರಿಂದ ತಿಳಿಯಿತು. ಕಾನೂನು ನಿಷೇಧಿಸಿದ ಮಾತ್ರಕ್ಕೆ ಕೃತ್ಯವೊಂದಕ್ಕೆ ಕಳಂಕ ಅಂಟಿಕೊಳ್ಳುವುದಿಲ್ಲ. ಕಳಂಕ ಅಂಟಿಕೊಳ್ಳದ ನಿಷೇಧ ಪೊಲೀಸರ ಹಾಜರಾತಿಯನ್ನು ಮಾತ್ರ ಅವಲಂಬಿಸಿರುತ್ತದೆ.

ಆಡಿದವನು ಯಾರು?

ಕರ್ನಾಟಕದ ಯಾವುದೇ ಗ್ರಾಮಾಂತರ ಠಾಣೆಯ ಜೂಜು ಪ್ರಕರಣದ ಪಂಚನಾಮೆಯ ಒಕ್ಕಣೆ ಹೆಚ್ಚುಕಡಿಮೆ ಒಂದೇ ರೀತಿ ಇರುತ್ತದೆ. ಖಚಿತ ಮಾಹಿತಿ ಮೇರೆಗೆ ಪಂಚರು ಮತ್ತು ಸಿಬ್ಬಂದಿಯೊಂದಿಗೆ ಹೋಗಿ ಮರೆಯಲ್ಲಿ ನಿಂತು ನೋಡಲಾಗಿ, ಸಾರ್ವಜನಿಕ ಸ್ಥಳದಲ್ಲಿ ಆಸಾಮಿಗಳು ಗುಂಡಾಗಿ ಕುಳಿತು ಅಂದರ್‌ಗೆ ಇಷ್ಟು, ಬಾಹರ್‌ಗೆ ಇಷ್ಟು ಎಂದು ಕೂಗುತ್ತಾ ಪಣ ಕಟ್ಟಿ ಆಡುತ್ತಿದ್ದುದು ಕಂಡುಬಂತು; ದಾಳಿ ಮಾಡಲಾಗಿ ಕೆಲವರು ಓಡಿಹೋದರು; 52 ಇಸ್ಪೀಟ್ ಎಲೆ, ನೆಲಕ್ಕೆ ಹಾಸಿದ್ದ ಹಳೆಯ ಪತ್ರಿಕೆ ಅಥವಾ ಪ್ಲಾಸ್ಟಿಕ್ ಚೀಲ, ಪಣಕ್ಕಿಟ್ಟಿದ್ದ ನಗದು ಜಪ್ತಿಯಾಯಿತು. ಜಪ್ತಿಯಾದ ನಗದು ಅನೇಕ ಬಾರಿ ಕೆಲವೇ ಸಾವಿರ ರೂಪಾಯಿ. ಪೊಲೀಸ್ ಕಾಯ್ದೆಯ 87ನೇ ಕಲಂ ಸಾರ್ವಜನಿಕ ಸ್ಥಳದಲ್ಲಿ ಜೂಜಾಡುವವರಿಗೆ, 80ನೇ ಕಲಂ ಜೂಜುಮನೆಯಲ್ಲಿ ಆಡುವವರಿಗೆ ಶಿಕ್ಷೆ ಹೇಳುತ್ತವೆ. ಇಲ್ಲಿ ಆಡಿದವನೇ ಆರೋಪಿ.

ಅದೇ ವ್ಯಕ್ತಿ ಅದೇ ಹೊತ್ತಿನಲ್ಲಿ ಅದೇ ಕಟ್ಟೆಯ ಮೇಲೆ ಕುಳಿತು ಮೊಬೈಲಿನಲ್ಲಿ ತೀನ್‌ಪತ್ತಿಗೆ ಎರಡು ಲಕ್ಷ ಸುರಿದಿದ್ದರೆ, ಕೇಂದ್ರ ಕಾಯ್ದೆಯ ಪ್ರಕಾರ ಅವನು ಸಂತ್ರಸ್ತ. ಎರಡಕ್ಕೂ ಸಮರ್ಥನೆಗಳಿವೆ. ಆ್ಯಪ್‌ನ ಹಿಂದೆ ಆಟಗಾರನ ಚಟವನ್ನೇ ಅಳೆದು ವಿನ್ಯಾಸ ಮಾಡುವ ಕಂಪನಿ ಇದೆ, ಆದ್ದರಿಂದ ಹೊಣೆ ಅದರದ್ದು ಎಂಬ ಮಾತಿನಲ್ಲಿ ಹುರುಳಿದೆ. ಸಾರ್ವಜನಿಕ ಸ್ಥಳದ ಜೂಜಿನಿಂದ ಜಗಳ, ಹೊಡೆದಾಟ ಹುಟ್ಟುತ್ತವೆ ಎಂಬುದೂ ಸುಳ್ಳಲ್ಲ. ಆದರೂ ಚಟದ ಬಲಿಪಶು ಎಂಬ ಸಹಾನುಭೂತಿ ಫೋನ್ ಇದ್ದವನಿಗೆ ಸಿಕ್ಕಿ, ಎಲೆ ಹಿಡಿದವನಿಗೆ ಸಿಗದಿರುವುದಕ್ಕೆ ತಕ್ಕ ಕಾರಣವನ್ನು ಯಾರೂ ಹೇಳಿಲ್ಲ. ಮಟ್ಕಾದಂಥ ಪ್ರಕರಣಗಳಲ್ಲಿ ಚೀಟಿ ಬರೆಸಿದವನೂ ಬರೆದವನೂ ಸಿಕ್ಕಿಬಿದ್ದು, ಹಿಂದಿರುವ ದೊಡ್ಡ ಬುಕ್ಕಿ ಹೊರಗುಳಿಯುವುದು ಹಳೆಯ ದೂರು. ಮ್ಯಾಜಿಸ್ಟ್ರೇಟರ ಅನುಮತಿಯಿಲ್ಲದೆ ತನಿಖೆ ನಡೆಸಿದರೆಂಬ ಕಾರಣಕ್ಕೆ ಇಂಥ ಪ್ರಕರಣಗಳು ಹೈಕೋರ್ಟಿನಲ್ಲಿ ರದ್ದಾದದ್ದೂ ಇದೆ, ಆದರೆ ಹೈಕೋರ್ಟಿನವರೆಗೆ ಹೋಗಲು ಶಕ್ತಿ ಇದ್ದವರಿಗೆ ಮಾತ್ರ ಆ ಪರಿಹಾರ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆ ಈ ಚಿತ್ರಕ್ಕೆ ಇನ್ನೊಂದು ಪದರ ಸೇರಿಸಿದೆ. ಅದರ 112ನೇ ಕಲಂ ‘ಸಣ್ಣ ಸಂಘಟಿತ ಅಪರಾಧ’ದ ಪಟ್ಟಿಯಲ್ಲಿ ಗುಂಪು ಅಥವಾ ತಂಡದ ಸದಸ್ಯರು ನಡೆಸುವ ಅನಧಿಕೃತ ಬಾಜಿ ಮತ್ತು ಜೂಜನ್ನೂ ಸೇರಿಸಿ, 1ರಿಂದ 7 ವರ್ಷಗಳ ಜೈಲು ನಿಗದಿ ಮಾಡಿದೆ. ನಾಲ್ಕು ಜನ ಸೇರಿ ಎಲೆ ಆಡಿದರೆ ಅದು ತಂಡವೇ? ಕಲಮಿನ ಉದ್ದೇಶ ಅದಲ್ಲವೆಂದು ವಾದಿಸಬಹುದು, ಆದರೆ ಪದಗಳು ಸಾಕಷ್ಟು ಸಡಿಲವಾಗಿವೆ. ಯಾವ ಕಲಂ ಹಾಕಬೇಕೆಂಬ ಆಯ್ಕೆ ಮೊದಲ ಹಂತದಲ್ಲಿ ಠಾಣಾಧಿಕಾರಿಯ ಕೈಯಲ್ಲಿರುವುದರಿಂದ, ಅಪರಾಧದ ತೂಕವನ್ನು ಸಂಸತ್ತಿನಷ್ಟೇ ಠಾಣೆಯೂ ನಿರ್ಧರಿಸುತ್ತದೆ.

ಸರ್ಕಾರ, ಉದ್ಯಮ, ರಾಜ್ಯಗಳ ವಾದ

ಕೇಂದ್ರ ಸರ್ಕಾರದ ವಾದದ ತಿರುಳು ಹಾನಿಯ ಪ್ರಮಾಣ. ವರ್ಷಕ್ಕೆ ಸುಮಾರು 45 ಕೋಟಿ ಜನರು ಅಂದಾಜು 20,000 ಕೋಟಿ ರೂಪಾಯಿ ಕಳೆದುಕೊಳ್ಳುತ್ತಿದ್ದಾರೆ ಎಂಬುದು ಅದು ಮುಂದಿಟ್ಟ ಲೆಕ್ಕ. ಸಾಲ, ಆತ್ಮಹತ್ಯೆ, ಅಕ್ರಮ ಹಣ ವರ್ಗಾವಣೆಗಳ ಪ್ರಸ್ತಾಪವೂ ಇದೆ. ಕೌಶಲದ ಆಟವೇ ಆಗಿದ್ದರೂ, ಕೈಯಲ್ಲಿ ಇಪ್ಪತ್ತನಾಲ್ಕು ಗಂಟೆ ಇರುವ ಯಂತ್ರದಲ್ಲಿ ಅಪರಿಚಿತರೊಂದಿಗೆ ಹಣಕ್ಕಾಗಿ ಆಡುವಾಗ ಅದರ ಸ್ವರೂಪವೇ ಬದಲಾಗುತ್ತದೆ ಎಂಬುದು ಈ ವಾದದ ಗಟ್ಟಿ ಭಾಗ.

ಉದ್ಯಮದ ಪ್ರತಿವಾದ ಮುಖ್ಯವಾಗಿ ಸಮಾನತೆಯದು. ಏಳು ದಶಕಗಳಿಂದ ನ್ಯಾಯಾಲಯಗಳು ಕಾಪಾಡಿಕೊಂಡು ಬಂದ ಕೌಶಲದ ರಕ್ಷಣೆಯನ್ನು ಮಾಧ್ಯಮ ಬದಲಾಯಿತೆಂಬ ಕಾರಣಕ್ಕೆ ಕಿತ್ತುಕೊಳ್ಳುವಂತಿಲ್ಲ, ನಿಯಂತ್ರಣದಿಂದ ಆಗುವ ಕೆಲಸಕ್ಕೆ ಸಂಪೂರ್ಣ ನಿಷೇಧ ಅತಿಯಾಯಿತು ಎಂದು ಅದು ಹೇಳುತ್ತದೆ. ನಿಷೇಧಿಸಲಾಗದಿದ್ದರೆ ನಿಯಂತ್ರಿಸಿ ಎಂಬ ಸಲಹೆಯನ್ನು ಕಾನೂನು ಆಯೋಗವೂ 2018ರ 276ನೇ ವರದಿಯಲ್ಲಿ ನೀಡಿತ್ತು. ಈ ವಾದಕ್ಕೆ ಇನ್ನಷ್ಟು ಬಲ ಕೊಡುವುದು ಷೇರುಪೇಟೆ. ಷೇರು, ಸೂಚ್ಯಂಕಗಳ ಮುಂದಿನ ಬೆಲೆಯನ್ನು ಊಹಿಸಿ ಒಪ್ಪಂದ ಮಾಡಿಕೊಳ್ಳುವ ಫ್ಯೂಚರ್ಸ್ ಮತ್ತು ಆಪ್ಶನ್ಸ್ ವಹಿವಾಟಿನಲ್ಲಿ 2021–22ರಿಂದ 2023–24ರವರೆಗಿನ ಮೂರು ವರ್ಷಗಳಲ್ಲಿ ಶೇ 93ರಷ್ಟು ವೈಯಕ್ತಿಕ ವಹಿವಾಟುದಾರರು ನಷ್ಟ ಅನುಭವಿಸಿದರು, ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿ ದಾಟಿತು ಎಂದು ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯ ಅಧ್ಯಯನವೇ ಹೇಳಿದೆ. ಆದರೂ ಅದು ಬಾಜಿ ಎನಿಸುವುದಿಲ್ಲ, ಏಕೆಂದರೆ ಮಾನ್ಯತೆ ಪಡೆದ ವಿನಿಮಯ ಕೇಂದ್ರದಲ್ಲಿ ನಡೆದರೆ ಅಂಥ ಒಪ್ಪಂದ ಕಾನೂನುಬದ್ಧ ಎಂದು ಸೆಕ್ಯುರಿಟೀಸ್ ಕರಾರುಗಳ ಕಾಯ್ದೆಗೆ 18ಎ ಕಲಂ ಸೇರಿಸಲಾಗಿದೆ. ಅದೇ ಷೇರಿನ ಅದೇ ಬೆಲೆಯ ಮೇಲೆ ಕೇಂದ್ರದ ಹೊರಗೆ ನಡೆಯುವ ಡಬ್ಬಾ ವಹಿವಾಟು ಮಾತ್ರ ಅಪರಾಧ. ಷೇರುಪೇಟೆ ಬಂಡವಾಳ ಒದಗಿಸುತ್ತದೆ, ಬೆಲೆಯ ಅಪಾಯವನ್ನು ಹಂಚುತ್ತದೆ, ರಮ್ಮಿ ಅದಾವುದನ್ನೂ ಮಾಡುವುದಿಲ್ಲ ಎಂಬ ಉತ್ತರ ಒಪ್ಪತಕ್ಕದ್ದೇ. ಆದರೆ ಆಗ ಮಾನದಂಡ ಹಾನಿಯಿಂದ ಉಪಯುಕ್ತತೆಗೆ ಜಾರಿತೆಂದು ಒಪ್ಪಿಕೊಳ್ಳಬೇಕು, ಹಾನಿಯೊಂದೇ ಕಾರಣವೆನ್ನುವಂತಿಲ್ಲ.

ಮೂರನೆಯ ವಾದ ಒಕ್ಕೂಟ ವ್ಯವಸ್ಥೆಯದು. ಬಾಜಿ ಮತ್ತು ಜೂಜು ಸಂವಿಧಾನದ ರಾಜ್ಯಪಟ್ಟಿಯ 34ನೇ ವಿಷಯ. 1955ರಲ್ಲಿ ಬಹುಮಾನ ಸ್ಪರ್ಧೆಗಳ ಕಾಯ್ದೆ ತರುವಾಗ ಸಂಸತ್ತು ಮೊದಲು ಹಲವು ರಾಜ್ಯಗಳ ಶಾಸನಸಭೆಗಳಿಂದ ನಿರ್ಣಯ ಪಡೆದು 252ನೇ ವಿಧಿಯಡಿ ಮುಂದುವರಿದಿತ್ತು. 2025ರಲ್ಲಿ ಅಂಥ ನಿರ್ಣಯವಿಲ್ಲದೆ ನೇರವಾಗಿ ಶಾಸನ ಮಾಡಲಾಗಿದೆ. ಸಂವಹನ, ಅಂತರರಾಜ್ಯ ವ್ಯಾಪಾರ ಕೇಂದ್ರದ ವಿಷಯಗಳೆಂಬುದು ಅದಕ್ಕೆ ಸಿಗಬಹುದಾದ ಆಧಾರ. ಆದರೆ ಆ ತರ್ಕವನ್ನು ಪೂರ್ತಿ ಒಪ್ಪಿದರೆ, ಫೋನಿನ ಮೂಲಕ ನಡೆಯುವ ಯಾವುದೇ ಕೆಲಸ ರಾಜ್ಯಪಟ್ಟಿಯಿಂದ ಜಾರಿಹೋಗಬಹುದು. ಕರ್ನಾಟಕ, ದೆಹಲಿ, ಮಧ್ಯಪ್ರದೇಶ ಹೈಕೋರ್ಟುಗಳಲ್ಲಿ ದಾಖಲಾದ ಅರ್ಜಿಗಳನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರಿನಲ್ಲಿ ತನಗೆ ವರ್ಗಾಯಿಸಿಕೊಂಡದ್ದರಿಂದ, ಈ ಪ್ರಶ್ನೆಗೆ ಇಡೀ ದೇಶಕ್ಕೆ ಅನ್ವಯಿಸುವ ಒಂದೇ ಉತ್ತರ ಬರುವುದು ಸಾಧ್ಯವಾಗಿದೆ.

ಪರಿಣಾಮಗಳು ಎಲ್ಲಿಗೆ ಒಯ್ಯುತ್ತವೆ

ಮೊದಲ ಪರಿಣಾಮ ಈಗಾಗಲೇ ಆಗಿಹೋಗಿದೆ: ಇಲ್ಲಿಯೇ ನೋಂದಣಿ ಮಾಡಿಸಿಕೊಂಡು, ಇಲ್ಲಿಯೇ ತೆರಿಗೆ ಕಟ್ಟುತ್ತಿದ್ದ, ಹೀಗಾಗಿ ಕೈಗೆ ಸಿಗುತ್ತಿದ್ದ ಕಂಪನಿಗಳು ನಿಂತವು. ವಿದೇಶದಲ್ಲಿ ಕುಳಿತು, ಟೆಲಿಗ್ರಾಂ ಗುಂಪುಗಳ ಮೂಲಕ ಗಿರಾಕಿ ಹಿಡಿದು, ಬಾಡಿಗೆಗೆ ಪಡೆದ ಬ್ಯಾಂಕ್ ಖಾತೆಗಳಿಗೆ ಯುಪಿಐ ಮೂಲಕ ಹಣ ಹಾಕಿಸಿಕೊಳ್ಳುವ ಬೆಟ್ಟಿಂಗ್ ಆ್ಯಪ್‌ಗಳ ಮೇಲೆ ಈ ಕಾಯ್ದೆ ಅಷ್ಟೇ ಬಲವಾಗಿ ಬೀಳುವುದು ಕಷ್ಟ. ಒಂದು ವಿಳಾಸವನ್ನು ತಡೆದರೆ ಇನ್ನೊಂದು ತೆರೆಯುತ್ತದೆ. ಹಣದ ದಾರಿಯನ್ನು ಮುಚ್ಚುವ ಕಲಂ ಇರುವುದರಿಂದ ಬ್ಯಾಂಕುಗಳು ಎಷ್ಟು ಎಚ್ಚರ ವಹಿಸುತ್ತವೆ ಎಂಬುದರ ಮೇಲೆ ಕಾಯ್ದೆಯ ಯಶಸ್ಸು ನಿಂತಿದೆ. ತಮ್ಮ ಖಾತೆಯನ್ನು ನಾಲ್ಕು ಸಾವಿರಕ್ಕೆ ಬಾಡಿಗೆ ಕೊಟ್ಟ ಕಾಲೇಜು ಹುಡುಗರು ವಹಿವಾಟಿಗೆ ಅನುವು ಮಾಡಿಕೊಟ್ಟವರಾಗಿ ಜಾಮೀನುರಹಿತ ಪ್ರಕರಣದಲ್ಲಿ ಸಿಲುಕುವ ಸಾಧ್ಯತೆಯೂ ಅಲ್ಲಿಯೇ ಇದೆ.

ಆಟಗಾರನನ್ನು ಶಿಕ್ಷೆಯಿಂದ ಹೊರಗಿಟ್ಟದ್ದು ಇಲ್ಲಿ ಪ್ರಾಯೋಗಿಕವಾಗಿಯೂ ಜಾಣ ನಡೆ. ತಾನೂ ಆರೋಪಿಯಾಗುತ್ತೇನೆಂಬ ಭಯವಿಲ್ಲದಿದ್ದರೆ ಹಣ ಕಳೆದುಕೊಂಡವನು ಸೈಬರ್ ಠಾಣೆಗೆ ಬರುತ್ತಾನೆ, ದೂರು ಬಂದರೆ ನಡೆಸುವವನ ಜಾಡು ಸಿಗುತ್ತದೆ. ಮಟ್ಕಾ ಪ್ರಕರಣಗಳಲ್ಲಿ ಇಷ್ಟು ವರ್ಷ ಈ ಜಾಡು ಸಿಗದಿರಲು ಒಂದು ಕಾರಣ ಚೀಟಿ ಬರೆಸಿದವನೂ ಆರೋಪಿಯಾಗಿರುವುದು.

ಸಂವಿಧಾನದ 20(1)ನೇ ವಿಧಿಯ ಪ್ರಕಾರ ಕೃತ್ಯ ನಡೆದ ದಿನ ಅಪರಾಧವಾಗಿರದ ಕೆಲಸಕ್ಕೆ ನಂತರದ ಕಾನೂನಿನಿಂದ ಶಿಕ್ಷೆ ಕೊಡುವಂತಿಲ್ಲ. ಆದ್ದರಿಂದ ಹಿಂದೆ ಆಟ ನಡೆಸಿದವರ ಮೇಲೆ ಹೊಸ ಕಲಮುಗಳಡಿ ಮೊಕದ್ದಮೆ ಹೂಡಲು ಬರುವುದಿಲ್ಲ. ಇನ್ನು ತೆರಿಗೆಯ ಮಾತು: ಕಾಯ್ದೆಗೆ ಅಂಕಿತ ಬಿದ್ದ ಒಂದು ತಿಂಗಳಿಗೆ, 2025ರ ಸೆಪ್ಟೆಂಬರ್ 22ರಿಂದ, ಕ್ಯಾಸಿನೊ, ರೇಸ್ ಕ್ಲಬ್, ಲಾಟರಿಗಳ ಜೊತೆ ಆನ್‌ಲೈನ್ ಹಣದ ಆಟಕ್ಕೂ ಶೇ 40ರ ಜಿಎಸ್‌ಟಿ ದರ ನಿಗದಿಯಾಯಿತು. ನಿಷೇಧಿಸಿದ ವಸ್ತುವಿಗೂ ದರಪಟ್ಟಿಯಲ್ಲಿ ಜಾಗ ಉಳಿಯಿತು.

ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಎತ್ತಿಹಿಡಿದರೆ, ಆನ್‌ಲೈನ್‌ನಲ್ಲಿ ಪಣವೇ ಅಪರಾಧದ ಗುರುತು, ಹೊರಗೆ ಕೌಶಲ–ಅದೃಷ್ಟದ ಹಳೆಯ ಗೆರೆಯೇ ಗುರುತು ಎಂಬ ಜೋಡಿ ವ್ಯವಸ್ಥೆ ಗಟ್ಟಿಯಾಗುತ್ತದೆ. ಜೂಜು ರಾಜ್ಯಗಳ ವಿಷಯವೆಂದು ಹೇಳಿ ರದ್ದುಪಡಿಸಿದರೆ ಚೆಂಡು ಮತ್ತೆ ವಿಧಾನಸೌಧಕ್ಕೆ ಬರುತ್ತದೆ, ಅಲ್ಲಿ 2022ರ ಹೈಕೋರ್ಟ್ ತೀರ್ಪು ಕಾದು ಕುಳಿತಿದೆ. ಎರಡೂ ಸಂದರ್ಭಗಳಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಯ 80 ಮತ್ತು 87ನೇ ಕಲಮುಗಳು ಇದ್ದಲ್ಲೇ ಇರುತ್ತವೆ. ಆಡಿಸುವವನ ಮೇಲೆ ಹೊಣೆ ಹೊರಿಸಿ ಆಡಿದವನನ್ನು ಬಿಡುವ ಕೇಂದ್ರದ ತತ್ವವನ್ನು ಕಟ್ಟೆಯ ಆಟಕ್ಕೂ ಅನ್ವಯಿಸಬೇಕೇ ಎಂಬುದನ್ನು ತೀರ್ಮಾನಿಸಲು ರಾಜ್ಯವು ದೆಹಲಿಯ ತೀರ್ಪಿಗಾಗಿ ಕಾಯಬೇಕಿಲ್ಲ; ಆ ಎರಡು ಕಲಮುಗಳ ತಿದ್ದುಪಡಿ ವಿಧಾನಮಂಡಲದ ಅಧಿಕಾರದೊಳಗೇ ಇದೆ.